ಸಕ್ಕರೆ ಕಾಯಿಲೆಯ ಇಂಜೆಕ್ಷನ್‌ನಿಂದ ನಾಲ್ಕು ತಿಂಗಳಲ್ಲಿ 15 ಕೆ.ಜಿ. ಇಳಿಸಬಹುದೇ?

ನಿಮ್ಮ ತೂಕ 88 ಕೆ.ಜಿ., ಸಕ್ಕರೆ ಕಾಯಿಲೆ ಇಲ್ಲ, ನಾಲ್ಕು ತಿಂಗಳಲ್ಲಿ ತಂಗಿಯ ಮದುವೆಯಿದೆ. ಅಷ್ಟರೊಳಗೆ ಈ ಇಂಜೆಕ್ಷನ್ ತೆಗೆದುಕೊಂಡು 15 ಕೆ.ಜಿ. ಇಳಿಸಿ, ಆಮೇಲೆ ನಿಲ್ಲಿಸಿಬಿಡಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ. ಮಲ್ಲೇಶ್ವರದಲ್ಲಿ ವಾಸವಾಗಿದ್ದು, ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಮಂಡಿನೋವು ಮತ್ತು ಫ್ಯಾಟಿ ಲಿವರ್‌ನ ಕಾರಣಕ್ಕೆ ವೈದ್ಯರು ಬರೆದುಕೊಟ್ಟ ಟಿರ್ಜೆಪಟೈಡ್ (ಮೌಂಜಾರೊ) ಎಂಬ ಇಂಥದೇ ಇಂಜೆಕ್ಷನ್ ಅನ್ನು ಒಂದು ವರ್ಷದಿಂದ ತೆಗೆದುಕೊಳ್ಳುತ್ತಿರುವವಳು. ತೂಕ ಇಳಿಯುವುದು ನಿಜ. ಆದರೆ ನೀವು ಹಾಕಿಕೊಂಡಿರುವ ಲೆಕ್ಕದ ಮೊದಲೂ ತಪ್ಪಿದೆ, ಕೊನೆಯೂ ತಪ್ಪಿದೆ.

ಈ ಔಷಧಗಳನ್ನು ಯಾರಿಗೂ ಮೊದಲ ವಾರವೇ ಪೂರ್ಣ ಡೋಸಿನಲ್ಲಿ ಕೊಡುವುದಿಲ್ಲ. ತೂಕ ಇಳಿಸಲೆಂದೇ ಬಂದಿರುವ ಸೆಮಾಗ್ಲುಟೈಡ್, ಅಂದರೆ ವೆಗೋವಿಯನ್ನು ವಾರಕ್ಕೆ 0.25 ಮಿ.ಗ್ರಾಂ.ನಿಂದ ಆರಂಭಿಸಿ, ನಾಲ್ಕು ವಾರಕ್ಕೊಮ್ಮೆ ಏರಿಸುತ್ತ 2.4 ಮಿ.ಗ್ರಾಂ. ಮುಟ್ಟುವಷ್ಟರಲ್ಲಿ 16 ವಾರ ಕಳೆದು ನಿಮ್ಮ ತಂಗಿಯ ಧಾರೆಯ ಮುಹೂರ್ತವೇ ಬಂದಿರುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಯಲು 68 ವಾರ ಹಿಡಿಯಿತು. ನೀವು ಕೇಳುತ್ತಿರುವುದು ನಾಲ್ಕೇ ತಿಂಗಳಲ್ಲಿ ಶೇ. 17. ಅವಸರಕ್ಕೆ ಡೋಸ್ ಏರಿಸಿಕೊಳ್ಳುವ ಯೋಚನೆಯನ್ನಂತೂ ಮಾಡಬೇಡಿ. ವೈದ್ಯರು ಹೇಳಿದ ಕ್ರಮದಲ್ಲೇ ಟಿರ್ಜೆಪಟೈಡ್ ಅನ್ನು 2.5ರಿಂದ 5 ಮಿ.ಗ್ರಾಂ.ಗೆ ಏರಿಸಿಕೊಂಡ ವಾರ ನಾನು ಬೆಳಿಗ್ಗೆ ಹತ್ತಕ್ಕೆ ತಿಂದ ಅರ್ಧ ಮಸಾಲೆ ದೋಸೆ ಸಂಜೆ ಐದಾದರೂ ಎದೆಯ ಕೆಳಗೇ ಕುಳಿತಿತ್ತು, ರಾತ್ರಿ ವಾಂತಿಯಾಯಿತು. ಈ ಔಷಧ ಮಿದುಳಿನಲ್ಲಿ ಹಸಿವನ್ನು ತಗ್ಗಿಸುವುದರ ಜೊತೆಗೆ ಹೊಟ್ಟೆ ಖಾಲಿಯಾಗುವುದನ್ನೂ ನಿಧಾನಗೊಳಿಸುತ್ತದೆ. (ಇದಕ್ಕೂ ಮೊದಲು ಮಾವನವರ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಯಾರಿಗೂ ಹೇಳದೆ ನುಂಗಿದ್ದೆ. ಭೇದಿಯಾಯಿತೇ ಹೊರತು ತೂಕ ಅಲುಗಲಿಲ್ಲ.)

ನನಗೆ ಯಾರೂ ಮೊದಲೇ ಹೇಳದಿದ್ದ ಸಂಗತಿಯೆಂದರೆ ಸ್ನಾಯುವಿನದು. ಹಸಿವೇ ಇಲ್ಲದ್ದರಿಂದ ಎರಡು ಇಡ್ಲಿ, ಒಂದು ಲೋಟ ಮಜ್ಜಿಗೆಯಲ್ಲಿ ದಿನ ಕಳೆಯುತ್ತಿದ್ದ ನಾನು ಏಳು ಕೆ.ಜಿ. ಇಳಿದೆನೆಂದು ಹಿಗ್ಗುತ್ತಿದ್ದಾಗ, ವರ್ಷಗಳಿಂದ ಒಬ್ಬಳೇ ಎತ್ತಿ ಕೂರಿಸುತ್ತಿದ್ದ 20 ಲೀಟರ್ ನೀರಿನ ಕ್ಯಾನು ಒಂದು ದಿನ ಮೊಣಕಾಲಿನವರೆಗೂ ಏಳಲಿಲ್ಲ. ಇಳಿದದ್ದರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಸೇರಿತ್ತು. ಅಂದಿನಿಂದ ಹಸಿವಿರಲಿ ಬಿಡಲಿ, ತಟ್ಟೆಯಲ್ಲಿ ಮೊದಲು ಮೊಳಕೆ ಕಟ್ಟಿದ ಹೆಸರುಕಾಳು, ಮೊಸರು ಅಥವಾ ಮೊಟ್ಟೆ, ಆಮೇಲಷ್ಟೇ ಅನ್ನ. ವಾರಕ್ಕೆ ಮೂರು ದಿನ ಡಂಬೆಲ್ ಎತ್ತುತ್ತೇನೆ.

ಇನ್ನು ನಿಲ್ಲಿಸುವ ಮಾತು. ಸೆಮಾಗ್ಲುಟೈಡ್‌ನ ಅದೇ ಪ್ರಯೋಗದಲ್ಲಿ ಔಷಧ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ಮಗನ ಕಾಲೇಜು ಫೀಸಿನ ಸಮಯದಲ್ಲಿ ನಾನು ಎರಡು ತಿಂಗಳು ಬಿಟ್ಟಾಗ ನಾಲ್ಕು ಕೆ.ಜಿ. ಏರಿತು, ರಾತ್ರಿ ಹನ್ನೊಂದಕ್ಕೆ ಚಕ್ಕುಲಿ ಡಬ್ಬ ಹುಡುಕುವ ಹಸಿವೂ ಹಿಂದಿರುಗಿತು. ಮೌಂಜಾರೊ 2025ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂದಾಗ 5 ಮಿ.ಗ್ರಾಂ.ನ ಒಂದು ವಾರದ ಸೀಸೆಗೇ 4,375 ರೂಪಾಯಿ ಇತ್ತು. ಬೆಲೆ ಯಾವುದೇ ಇರಲಿ, ಖರ್ಚನ್ನು ವರ್ಷಗಟ್ಟಲೆಗೆ ಲೆಕ್ಕ ಹಾಕಿ.

ನೀವು ಎತ್ತರ ತಿಳಿಸಿಲ್ಲ. 160 ಸೆಂ.ಮೀ. ಇದ್ದರೆ ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 34. 178 ಇದ್ದರೆ 28ಕ್ಕಿಂತ ಕಡಿಮೆ. ಸಾಮಾನ್ಯವಾಗಿ 30 ದಾಟಿದವರಿಗೆ, ಅಥವಾ 27 ದಾಟಿ ಬಿಪಿಯಂಥ ತೊಂದರೆ ಇರುವವರಿಗೆ ಮಾತ್ರ ಇದನ್ನು ಬರೆಯುತ್ತಾರೆ. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ನಿಮಗೆ ಹಿಂದೆ ಪ್ಯಾಂಕ್ರಿಯಾಸ್‌ನ ಉರಿಯೂತ ಬಂದಿದ್ದರೆ, ಗರ್ಭ ಧರಿಸುವ ಯೋಚನೆಯಿದ್ದರೆ, ಕೇಳುವ ಮೊದಲೇ ವೈದ್ಯರಿಗೆ ತಿಳಿಸಿ. ಜಿಮ್‌ನವರು ಕೊಡಿಸುವ ಇಂಜೆಕ್ಷನ್ ಪೆನ್ ಬೇಡವೇ ಬೇಡ.

ವೈದ್ಯರು ಒಪ್ಪಿ ಈಗಲೇ ಆರಂಭಿಸುವುದಾದರೆ, ಮದುವೆಯ ರವಿಕೆಯನ್ನು ಕೊನೆಯ ವಾರ ಅಳತೆ ಕೊಟ್ಟು ಹೊಲಿಸಿ, ಒಳಗೆ ಎರಡು ಇಂಚು ಬಟ್ಟೆ ಬಿಡಿಸಿ.