ಗೆಳೆಯರ ಕಾರು, ನಿಮ್ಮ ಹೆಸರಿಲ್ಲದ ವಿಮೆ

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಗಿದೆ, ಭಾರತದ ಲೈಸೆನ್ಸಿನ ಮೇಲೆಯೇ ಓಡಿಸುತ್ತಿದ್ದೀರಿ, ಒಂದು ಶನಿವಾರದ ಮಟ್ಟಿಗೆ ಆಫೀಸಿನ ಗೆಳೆಯರ ಕಾರನ್ನು ಕೇಳಿ ತಂದಿದ್ದಿರಿ, ಗಂಟೆಗೆ 30 ಮೈಲಿನ ಮಿತಿಯಿದ್ದ ರಸ್ತೆಯಲ್ಲಿ 41ರ ವೇಗದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದೀರಿ, ಈಗ ಗೆಳೆಯರ ಮನೆಗೆ ಪೊಲೀಸರ ನೋಟಿಸು ಬಂದಿದೆ. ಆಮೇಲೆ ಕಾರಿನ ವಿಮೆಯ ಕಾಗದ ತೆಗೆದು ನೋಡಿದರೆ ಅದರಲ್ಲಿ ಗೆಳೆಯರ ಹೆಸರು ಮತ್ತು ಅವರ ಹೆಂಡತಿಯ ಹೆಸರು ಮಾತ್ರ ಇವೆ. ‘ಓಡಿಸಿದ್ದು ನಾನೇ ಎಂದು ಬರೆದುಬಿಡುತ್ತೇನೆ, ಮೂರು ಪಾಯಿಂಟಿನ ವಿಷಯ ತಾನೇ’ ಎಂದು ಗೆಳೆಯರು ಹೇಳುತ್ತಿದ್ದಾರೆ, ಒಪ್ಪಿಕೊಳ್ಳಬಹುದೇ ಎಂದು ಕೇಳಿದ್ದೀರಿ. (ಪಾಯಿಂಟು ಎಂದರೆ ಸಂಚಾರದ ತಪ್ಪಿಗಾಗಿ ಲೈಸೆನ್ಸಿನ ದಾಖಲೆಯಲ್ಲಿ ಬರೆಯುವ ದಂಡದ ಅಂಕ.)

ದಯವಿಟ್ಟು ಒಪ್ಪಿಕೊಳ್ಳಬೇಡಿ. ಉಳಿದ ಮಾತೆಲ್ಲ ಆಮೇಲೆ. ನಿಮ್ಮ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ವೇಗಮಿತಿ ಮೀರಿದ್ದು ದಂಡ ಕಟ್ಟಿ ಮುಗಿಸುವ ತಪ್ಪು. ಓಡಿಸದವರು ಓಡಿಸಿದೆನೆಂದು ನೋಟಿಸಿನ ಫಾರಂನಲ್ಲಿ ಬರೆಯುವುದು ನ್ಯಾಯದ ದಾರಿ ತಪ್ಪಿಸಿದ ಅಪರಾಧ, ಅದಕ್ಕೆ ಇಲ್ಲಿ ಜೈಲಾಗುತ್ತದೆ. ಬ್ರಿಟನ್ನಿನಲ್ಲಿ ಮಂತ್ರಿಯಾಗಿದ್ದ ಕ್ರಿಸ್ ಹ್ಯೂನ್ ಅವರ ಪ್ರಕರಣ ಇಲ್ಲಿ ಎಲ್ಲರಿಗೂ ಗೊತ್ತು. 2003ರಲ್ಲಿ ಅವರ ಕಾರು ಎಂ11 ಹೆದ್ದಾರಿಯಲ್ಲಿ ಕ್ಯಾಮೆರಾಕ್ಕೆ ಸಿಕ್ಕಿತು, ಆ ಪಾಯಿಂಟುಗಳನ್ನು ಅವರ ಹೆಂಡತಿ ವಿಕಿ ಪ್ರೈಸ್ ತಮ್ಮ ಮೇಲೆ ಹಾಕಿಕೊಂಡರು. ಹತ್ತು ವರ್ಷದ ನಂತರ, 2013ರ ಮಾರ್ಚಿನಲ್ಲಿ, ನ್ಯಾಯಾಲಯ ಇಬ್ಬರಿಗೂ ಎಂಟೆಂಟು ತಿಂಗಳ ಸೆರೆವಾಸ ವಿಧಿಸಿತು. ಚಿತ್ರದಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ಇಂಥ ಕೆಲಸಕ್ಕೆ ಕೈಹಾಕಬಾರದು. ವೀಸಾದ ಮೇಲೆ ಇರುವವರಂತೂ ಇದನ್ನು ಯೋಚಿಸಲೂ ಬಾರದು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನೀವು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೇನೆ.

2007ರಲ್ಲಿ, ಇಲ್ಲಿಗೆ ಬಂದು ಇನ್ನೂ ವರ್ಷ ತುಂಬುವ ಮೊದಲು, ಸಹೋದ್ಯೋಗಿಯೊಬ್ಬರ ಕಾರನ್ನು ಒಂದು ಸಂಜೆಗೆಂದು ತಂದಿದ್ದೆ. ಹಿಂದಿನ ಸೀಟಿನಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗಳು ಇದ್ದರು. ರಸ್ತೆ ಅಗಲವಾಗಿತ್ತು, ಖಾಲಿಯಾಗಿತ್ತು, 30 ಎಂಬ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಬೀದಿದೀಪಗಳ ಸಾಲಿರುವ ರಸ್ತೆಯಲ್ಲಿ ಬೇರೆ ಫಲಕ ಇಲ್ಲದಿದ್ದರೆ ಮಿತಿ 30 ಎಂದೇ ತಿಳಿಯಬೇಕು, ಆ ದೀಪದ ಕಂಬಗಳೇ ಫಲಕವೆಂದು ನನಗೆ ಯಾರೂ ಹೇಳಿರಲಿಲ್ಲ. (ವೇಲ್ಸಿಗೆ ಹೋದರೆ ಅಂಥ ರಸ್ತೆಗಳಲ್ಲಿ 2023ರ ಸೆಪ್ಟೆಂಬರಿನಿಂದ ಮಿತಿ 20 ಮೈಲು, ಇದನ್ನೂ ಈಗಲೇ ನೆನಪಿಟ್ಟುಕೊಳ್ಳಿ.) ಹಿಂದಿನಿಂದ ನೀಲಿ ದೀಪ ಮಿನುಗಿತು, ಬದಿಗೆ ನಿಲ್ಲಿಸಿದೆ. ಪೊಲೀಸ್ ಅಧಿಕಾರಿ ಬಹಳ ಸೌಜನ್ಯದಿಂದಲೇ ಮಾತನಾಡಿದರು. ವೇಗದ ವಿಷಯ ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅವರು ಕಾರಿನ ನಂಬರನ್ನು ರೇಡಿಯೋದಲ್ಲಿ ಓದಿ, ಉತ್ತರ ಕೇಳಿಸಿಕೊಂಡು, ಕಿಟಕಿಯ ಹತ್ತಿರ ಬಂದು, ‘ಈ ಕಾರಿಗೆ ವಿಮೆ ಇದೆ, ನಿಮಗೆ ಇಲ್ಲ’ ಎಂದರು. ಆ ಮಾತಿನ ಅರ್ಥವೇ ನನಗೆ ಆ ಕ್ಷಣಕ್ಕೆ ಆಗಲಿಲ್ಲ.

ಕಾರನ್ನು ವಶಕ್ಕೆ ತೆಗೆದುಕೊಳ್ಳುವುದಾಗಿ ಹೇಳಿ, ನಮ್ಮ ಸಾಮಾನುಗಳನ್ನೆಲ್ಲ ಇಳಿಸಿಕೊಳ್ಳಲು ಹೇಳಿದರು. ಮಗುವಿನ ಸೀಟನ್ನು ಬಿಗಿದಿದ್ದ ಬೆಲ್ಟು ಎಷ್ಟು ಎಳೆದರೂ ಬಿಡಲಿಲ್ಲ, ನನ್ನ ಬೆರಳುಗಳು ನಡುಗುತ್ತಿದ್ದವು, ಕೊನೆಗೆ ಆ ಅಧಿಕಾರಿಯೇ ಟಾರ್ಚು ಹಿಡಿದು ಬೆಳಕು ಬಿಟ್ಟರು. ಕಾರನ್ನು ಲಾರಿಯ ಮೇಲೆ ಎಳೆದುಕೊಳ್ಳುವಾಗ ಮಗಳು ಅಮ್ಮನ ಕುತ್ತಿಗೆ ತಬ್ಬಿಕೊಂಡು, ಕಾರು ಯಾಕೆ ಮೇಲೆ ಹೋಗುತ್ತಿದೆ ಎಂದು ಕೇಳುತ್ತಲೇ ಇದ್ದಳು. ಫುಟ್‌ಪಾತಿನ ಮೇಲೆ ಖಾಲಿ ಸೀಟು ಇಟ್ಟುಕೊಂಡು ಟ್ಯಾಕ್ಸಿಗಾಗಿ ಕಾದ ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ.

ನಮ್ಮಲ್ಲಿ ಹೊಸದಾಗಿ ಬಂದವರೆಲ್ಲ ಎಡವುವುದು ಇದೇ ಜಾಗದಲ್ಲಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾರತದಲ್ಲಿ ಮೂರನೆಯವರ ಹಾನಿಯ ವಿಮೆ ವಾಹನಕ್ಕೆ ಅಂಟಿಕೊಂಡಿರುತ್ತದೆ. ಮಾಲೀಕರ ಒಪ್ಪಿಗೆ ಇದ್ದು, ಓಡಿಸುವವರ ಕೈಯಲ್ಲಿ ಸರಿಯಾದ ಲೈಸೆನ್ಸ್ ಇದ್ದರೆ, ಅಣ್ಣ ಓಡಿಸಿದರೂ ಗೆಳೆಯ ಓಡಿಸಿದರೂ ಪಾಲಿಸಿ ಸಾಮಾನ್ಯವಾಗಿ ಅನ್ವಯಿಸುತ್ತದೆ. ಬ್ರಿಟನ್ನಿನಲ್ಲಿ ವಿಮೆ ಕಾರು ಮತ್ತು ಮನುಷ್ಯ ಇಬ್ಬರನ್ನೂ ಸೇರಿಸಿ ಬರೆದ ಒಪ್ಪಂದ. ಓಡಿಸುವವರ ವಯಸ್ಸು, ಅನುಭವ, ಹಳೆಯ ಅಪಘಾತಗಳು, ಕೆಲಸ, ಇವನ್ನೆಲ್ಲ ನೋಡಿಯೇ ಕಂಪನಿ ಕಂತನ್ನು ನಿಗದಿ ಮಾಡಿರುತ್ತದೆ. ವಿಮೆಯ ಪ್ರಮಾಣಪತ್ರದಲ್ಲಿ ಯಾರು ಓಡಿಸಬಹುದು ಎಂಬ ಸಾಲೊಂದು ಇರುತ್ತದೆ. ಆ ಸಾಲಿನಲ್ಲಿ ನೀವು ಬರದಿದ್ದರೆ, ಕಾರಿನ ಮಟ್ಟಿಗೆ ಎಷ್ಟು ದೊಡ್ಡ ಪಾಲಿಸಿ ಇದ್ದರೂ ಕಾನೂನಿನ ಕಣ್ಣಿಗೆ ನೀವು ವಿಮೆಯಿಲ್ಲದೆ ಓಡಿಸಿದವರು. ಕೆಲವರು ‘ನನಗೆ ನನ್ನ ಸ್ವಂತ ಕಾರಿನ ಪೂರ್ಣ ವಿಮೆ ಇದೆ, ಅದರಲ್ಲೇ ಬೇರೆ ಕಾರನ್ನೂ ಓಡಿಸಬಹುದು’ ಎಂದು ನಂಬಿರುತ್ತಾರೆ. ಅಂಥ ಅನುಕೂಲ ಕೆಲವು ಪಾಲಿಸಿಗಳಲ್ಲಿ ಇರುವುದು ನಿಜ, ಆದರೆ ಅನೇಕ ಕಂಪನಿಗಳು 25 ವರ್ಷ ದಾಟಿದ ಪಾಲಿಸಿದಾರರಿಗೆ ಮಾತ್ರ ಅದನ್ನು ಕೊಡುತ್ತವೆ, ಅದು ಎದುರಿನವರ ಹಾನಿಗಷ್ಟೇ ಸೀಮಿತವಾಗಿರುತ್ತದೆ, ಎಷ್ಟೋ ಪಾಲಿಸಿಗಳಲ್ಲಿ ಈಗ ಅದು ಇಲ್ಲವೇ ಇಲ್ಲ. ನಿಮಗಂತೂ ಸ್ವಂತ ಪಾಲಿಸಿಯೇ ಇಲ್ಲವಾದ್ದರಿಂದ ಆ ದಾರಿ ಮುಚ್ಚಿದೆ.

ಇದನ್ನು ಇಲ್ಲಿಯವರು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದೇಕೆ ಎಂದು ನೀವು ಕೇಳಬಹುದು. ರಸ್ತೆಯಲ್ಲಿ ಯಾರಿಗಾದರೂ ಪೆಟ್ಟಾದರೆ ಅವರ ಜೀವನಪೂರ್ತಿಯ ಖರ್ಚು ಲಕ್ಷಾಂತರ ಪೌಂಡ್ ಆಗಬಹುದು; ಅದನ್ನು ಕೊಡುವವರು ಯಾರೆಂಬ ಪ್ರಶ್ನೆಗೆ ಉತ್ತರವಾಗಿಯೇ 1930ರ ರಸ್ತೆ ಸಂಚಾರ ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡಿತು. ಓಡಿಸಿದವರಿಗೆ ವಿಮೆ ಇಲ್ಲದಿದ್ದರೂ ಪೆಟ್ಟು ತಿಂದವರಿಗೆ ಪರಿಹಾರ ಸಿಗುತ್ತದೆ, ಆದರೆ ಕೊಟ್ಟ ಹಣವನ್ನು ಓಡಿಸಿದವರಿಂದಲೂ, ಓಡಿಸಲು ಬಿಟ್ಟ ಮಾಲೀಕರಿಂದಲೂ ವಸೂಲು ಮಾಡುವ ಹಕ್ಕು ಕೊಟ್ಟವರಿಗೆ ಇರುತ್ತದೆ. ನಿಮ್ಮ ಆ ಶನಿವಾರ ಒಂದು ಕ್ಯಾಮೆರಾದ ಮಿಂಚಿನಲ್ಲಿ ಮುಗಿಯಿತು. ಒಬ್ಬ ಸೈಕಲ್ ಸವಾರನಿಗೆ ತಗುಲಿದ್ದರೆ ನಿಮ್ಮ ಮತ್ತು ನಿಮ್ಮ ಗೆಳೆಯರ ಎರಡೂ ಮನೆಗಳು ಸಾಲದಲ್ಲಿ ಮುಳುಗುತ್ತಿದ್ದವು.

ಈಗ ನಿಮ್ಮ ಪ್ರಕರಣಕ್ಕೆ ಬರೋಣ. ವೇಗದ ತಪ್ಪು ಚಿಕ್ಕದು. 30ರ ರಸ್ತೆಯಲ್ಲಿ 42ರವರೆಗಿನ ವೇಗಕ್ಕೆ, ಕಳೆದ ಮೂರು ವರ್ಷದಲ್ಲಿ ಅಂಥ ತರಗತಿಗೆ ಹೋಗಿಲ್ಲದಿದ್ದರೆ, ಪೊಲೀಸರು ಸಾಮಾನ್ಯವಾಗಿ ವೇಗದ ಬಗ್ಗೆ ತಿಳಿವಳಿಕೆ ಕೊಡುವ ತರಗತಿಯ ಅವಕಾಶ ಕೊಡುತ್ತಾರೆ. ಅದಕ್ಕೆ ಶುಲ್ಕ ಕಟ್ಟಿ ಹಾಜರಾದರೆ ಪಾಯಿಂಟು ಬೀಳುವುದಿಲ್ಲ. ಅದು ಸಿಗದಿದ್ದರೆ 100 ಪೌಂಡ್ ದಂಡ, 3 ಪಾಯಿಂಟು. ವಿಮೆಯಿಲ್ಲದೆ ಓಡಿಸಿದ್ದಕ್ಕೆ ಪೊಲೀಸರೇ ವಿಧಿಸುವ ನಿಗದಿತ ದಂಡ 300 ಪೌಂಡ್ ಮತ್ತು 6 ಪಾಯಿಂಟು. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯಿಲ್ಲ, ಪಾಯಿಂಟು 6ರಿಂದ 8, ಲೈಸೆನ್ಸನ್ನು ಕೆಲಕಾಲ ಕಿತ್ತುಕೊಳ್ಳಲೂಬಹುದು. ನಿಮ್ಮದು ಭಾರತದ ಲೈಸೆನ್ಸಾದ್ದರಿಂದ ಪಾಯಿಂಟು ಎಲ್ಲಿ ಬರೆಯುತ್ತಾರೆ ಎಂದು ನಿರಾಳವಾಗಿರಬೇಡಿ: ಇಲ್ಲಿನ ಲೈಸೆನ್ಸ್ ಇಲಾಖೆ ನಿಮ್ಮ ಹೆಸರಿನಲ್ಲೊಂದು ದಾಖಲೆ ತೆರೆದು ಅದರಲ್ಲಿ ಬರೆದಿಡುತ್ತದೆ, ಮುಂದೆ ಇಲ್ಲಿನ ಲೈಸೆನ್ಸ್ ತೆಗೆದುಕೊಂಡಾಗ ಅವು ನಿಮ್ಮನ್ನು ಹುಡುಕಿಕೊಂಡು ಬರುತ್ತವೆ. ಭಾರತದ ಲೈಸೆನ್ಸಿನಲ್ಲಿ ಓಡಿಸಲು ನಿಮಗಿರುವುದು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ, ಅಂದರೆ ಇನ್ನು ನಾಲ್ಕೇ ತಿಂಗಳು. ಇಲ್ಲಿ ಪರೀಕ್ಷೆ ಪಾಸಾದ ಮೊದಲ ಎರಡು ವರ್ಷಗಳಲ್ಲಿ ಪಾಯಿಂಟು 6 ತಲುಪಿದರೆ ಲೈಸೆನ್ಸ್ ರದ್ದಾಗಿ ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕು. ನಾನು 6 ಪಾಯಿಂಟಿನೊಂದಿಗೇ ಪಾಸಾದವನು. ಇನ್ನೊಂದು ತಪ್ಪಾದರೆ ಮುಗಿಯಿತು ಎಂಬ ಭಯದಲ್ಲಿ ಎರಡು ವರ್ಷ ಓಡಿಸಿದೆ. ಈ ಗುರುತು ದಾಖಲೆಯಲ್ಲಿ ನಾಲ್ಕು ವರ್ಷ ಇರುತ್ತದೆ, ವಿಮಾ ಕಂಪನಿಗಳು ಸಾಮಾನ್ಯವಾಗಿ ಐದು ವರ್ಷದ ಲೆಕ್ಕ ಕೇಳುತ್ತವೆ, ಕಂತು ಏರುತ್ತದೆ.

ನನ್ನ ಪ್ರಕರಣದಲ್ಲಿ ಎರಡೂ ತಪ್ಪುಗಳು ಒಟ್ಟಿಗೆ ಕೋರ್ಟಿಗೆ ಹೋದವು. ಒಂದೇ ಸಂದರ್ಭದಲ್ಲಿ ಆದ ತಪ್ಪುಗಳಾದರೆ ಕೋರ್ಟು ಸಾಮಾನ್ಯವಾಗಿ ಹೆಚ್ಚಿನದರ ಪಾಯಿಂಟುಗಳನ್ನಷ್ಟೇ ಹಾಕುತ್ತದೆ. ಹಾಗಾಗಿ 9ರ ಬದಲು 6 ಬಿದ್ದವು. ನನ್ನ ಪಾಲಿನದನ್ನು ನಾನು ಅನುಭವಿಸಿದೆ, ಅದರಲ್ಲಿ ದೂರಲು ಏನೂ ಇಲ್ಲ. ಇವತ್ತಿಗೂ ನೋವಾಗುವುದು ಕಾರು ಕೊಟ್ಟ ಸಹೋದ್ಯೋಗಿಯ ವಿಷಯದಲ್ಲಿ. ವಿಮೆಯಿಲ್ಲದವರಿಗೆ ಕಾರು ಓಡಿಸಲು ಬಿಡುವುದೂ ಕಾನೂನಿನ ಪ್ರಕಾರ ಅಪರಾಧ, ‘ನನಗೆ ಗೊತ್ತಿರಲಿಲ್ಲ’ ಎಂಬುದು ಅದಕ್ಕೆ ಉತ್ತರವಾಗುವುದಿಲ್ಲ. ಅವರು ಕೆಲಸಕ್ಕೆ ರಜೆ ಹಾಕಿ, ಲೈಸೆನ್ಸು, ವಿಮೆಯ ಪ್ರಮಾಣಪತ್ರ ಹಿಡಿದುಕೊಂಡು, ಊರಾಚೆಯ ಅಂಗಳಕ್ಕೆ ಹೋಗಿ, ಎಳೆದೊಯ್ದ ಶುಲ್ಕವನ್ನೂ ದಿನದ ಲೆಕ್ಕದ ನಿಲುಗಡೆ ಶುಲ್ಕವನ್ನೂ ಕಟ್ಟಿ ಕಾರು ಬಿಡಿಸಿಕೊಂಡು ಬಂದರು. ಆಮೇಲೆ ಅವರ ಲೈಸೆನ್ಸಿನ ಮೇಲೂ ಪಾಯಿಂಟು ಬಿತ್ತು. ಹಣವನ್ನು ನಾನು ಪೂರ್ತಿ ಕೊಟ್ಟೆ, ಅವರ ಕಂತು ಏರಿದ್ದಕ್ಕೂ ಕೊಟ್ಟೆ. ಪಾಯಿಂಟುಗಳನ್ನು ಮಾತ್ರ ಹಿಂದಕ್ಕೆ ಪಡೆಯಲಾಗಲಿಲ್ಲ. ಅವರು ಒಂದು ದಿನವೂ ನನ್ನನ್ನು ಬೈಯಲಿಲ್ಲ, ಆದರೆ ಆಮೇಲೆ ನಾನು ಅವರ ಕಾರಿನಲ್ಲಿ ಕೂರಲೂ ಹಿಂಜರಿಯುತ್ತಿದ್ದೆ.

ಆದ್ದರಿಂದ ಮೊದಲು ಗೆಳೆಯರ ಜೊತೆ ಕೂತು ಪ್ರಮಾಣಪತ್ರದ ಆ ಸಾಲನ್ನು ಇನ್ನೊಮ್ಮೆ ಓದಿ. ಮಾಲೀಕರ ಒಪ್ಪಿಗೆಯಿಂದ ಯಾರು ಬೇಕಾದರೂ ಓಡಿಸಬಹುದು ಎಂಬ ಪಾಲಿಸಿಗಳೂ ಇರುತ್ತವೆ. ಹಾಗಿದ್ದರೆ ಅರ್ಧ ಚಿಂತೆ ಅಲ್ಲೇ ಕಳೆಯಿತು. ಇಲ್ಲದಿದ್ದರೆ, ನೋಟಿಸಿಗೆ ಉತ್ತರ ಕಳಿಸುವ ಮೊದಲೇ ಮೋಟಾರು ಪ್ರಕರಣ ನಡೆಸುವ ವಕೀಲರೊಬ್ಬರನ್ನು ಕಾಣಿ. ನೋಟಿಸು ಗೆಳೆಯರನ್ನು ಕೇಳಿರುವುದು ಆ ಹೊತ್ತಿನಲ್ಲಿ ಓಡಿಸುತ್ತಿದ್ದವರು ಯಾರು ಎಂಬುದನ್ನು. ಅದಕ್ಕೆ 28 ದಿನದೊಳಗೆ ಅವರು ನಿಮ್ಮ ಹೆಸರು, ವಿಳಾಸ ಬರೆಯಬೇಕು. ಸುಮ್ಮನಿದ್ದರೆ ಅದಕ್ಕೇ ಬೇರೆ 6 ಪಾಯಿಂಟು ಮತ್ತು 1000 ಪೌಂಡಿನವರೆಗೆ ದಂಡ. ಆಮೇಲೆ ನಿಮ್ಮ ಹೆಸರಿಗೆ ಇನ್ನೊಂದು ನೋಟಿಸು ಬರುತ್ತದೆ. ವಿಮೆಯ ಬಗ್ಗೆ ಕೇಳಿದಲ್ಲಿ ವಕೀಲರ ಸಲಹೆಯಂತೆ, ಆದರೆ ಸುಳ್ಳಿಲ್ಲದೆ ಉತ್ತರಿಸಿ. ಈಗ ಪಾಲಿಸಿ ಕೊಂಡು ಆ ದಿನಕ್ಕೂ ಅನ್ವಯಿಸುತ್ತದೆಂದು ತೋರಿಸುವ ಯೋಚನೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ; ವಿಮೆ ಶುರುವಾದ ದಿನ ಮತ್ತು ಗಂಟೆ ಎರಡೂ ದಾಖಲೆಯಲ್ಲಿ ಇರುತ್ತವೆ.

ಇನ್ನೊಂದು ಮಾತು. ಕಾರು ಕೊಡುವಾಗ ಗೆಳೆಯರು ‘ವಿಮೆ ಇದೆ, ಧಾರಾಳವಾಗಿ ಓಡಿಸು’ ಎಂದು ಫೋನಿನಲ್ಲಿ ಸಂದೇಶ ಕಳಿಸಿದ್ದರೆ ಅದನ್ನು ಅಳಿಸಬೇಡಿ. ನಿಮ್ಮನ್ನು ನಿಜವಾಗಿ ಹಾಗೆ ನಂಬಿಸಲಾಗಿತ್ತು ಎಂದು ತೋರಿಸಿದರೆ ತಪ್ಪು ಇಲ್ಲವಾಗುವುದಿಲ್ಲ, ಆದರೆ ವಿಶೇಷ ಕಾರಣವೆಂದು ಪರಿಗಣಿಸಿ ಪಾಯಿಂಟು ಹಾಕದೆ ಬಿಡುವ ಅಧಿಕಾರ ಕೋರ್ಟಿಗೆ ಇದೆ. ಅದನ್ನು ಬಳಸಿಕೊಳ್ಳಬೇಕೇ, ಗೆಳೆಯರಿಗೆ ಅದರಿಂದ ಏನಾಗುತ್ತದೆ ಎಂಬುದನ್ನು ಇಬ್ಬರೂ ಬೇರೆ ಬೇರೆ ವಕೀಲರನ್ನು ಕೇಳಿ ತೀರ್ಮಾನಿಸುವುದು ಒಳ್ಳೆಯದು, ಏಕೆಂದರೆ ಈ ಒಂದು ವಿಷಯದಲ್ಲಿ ನಿಮ್ಮಿಬ್ಬರ ಹಿತ ಒಂದೇ ಅಲ್ಲ.

ಮುಂದೆ ಕಾರು ಬೇಕಾದಾಗ ಒಂದು ಗಂಟೆಯಿಂದ 28 ದಿನದವರೆಗಿನ ತಾತ್ಕಾಲಿಕ ವಿಮೆ ಫೋನಿನಲ್ಲೇ ಸಿಗುತ್ತದೆ. ವಿದೇಶಿ ಲೈಸೆನ್ಸಿನವರನ್ನು ಕೆಲವು ಕಂಪನಿಗಳು ಒಪ್ಪುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿ. ಅಥವಾ ಗೆಳೆಯರ ಪಾಲಿಸಿಗೇ ನಿಮ್ಮ ಹೆಸರು ಸೇರಿಸಿಸಿ, ಹೆಚ್ಚಿನ ಹಣ ನೀವು ಕೊಡಿ, ಹೆಸರು ಸೇರಿದ ಹೊಸ ಪ್ರಮಾಣಪತ್ರ ಕಣ್ಣಾರೆ ನೋಡಿದ ಮೇಲೆಯೇ ಕೀಲಿ ತೆಗೆದುಕೊಳ್ಳಿ.

ನೋಟಿಸು ಬಂದು ಒಂಬತ್ತು ದಿನವಾಯಿತು ಎಂದು ಬರೆದಿದ್ದೀರಿ. ಹಾಗಾದರೆ ಇನ್ನು ಮೂರು ವಾರವೂ ಪೂರ್ತಿ ಇಲ್ಲ. ಈ ವಾರದೊಳಗೆ ವಕೀಲರನ್ನು ನೋಡಿ, ತುಂಬಿದ ಫಾರಂನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಂಡು, ರಸೀದಿ ಕೊಡುವ ಅಂಚೆಯಲ್ಲೇ ಕಳಿಸಲು ಗೆಳೆಯರಿಗೆ ಹೇಳಿ. ಅಂಚೆ ಕಚೇರಿಗೆ ಅವರ ಜೊತೆ ನೀವೂ ಹೋಗಿ.