ಮಂಪರಲ್ಲಿ ಎಲ್ಲಾ ಬಾಯಿಬಿಟ್ಟುಬಿಡ್ತೀನಾ ಮೇಡಂ?

ಹಲ್ಲಿನ ಆಪರೇಷನ್‌ಗೆ ಹೆದರಿ ನನ್ನ ಹತ್ತಿರ ಮಾತಾಡಿ ಧೈರ್ಯ ತಗೊಳ್ಳೋಕೆ ಬರುವವರಲ್ಲಿ ಜಾಸ್ತಿ ಜನಕ್ಕೆ ಸೂಜಿಯ ಭಯ, ಇಲ್ಲಾ ಆ ಡ್ರಿಲ್ಲಿನ ಸದ್ದಿನ ಭಯ. ಸುಮ ಅವರದು ಇವೆರಡೂ ಅಲ್ಲ. ಹೆಸರು ಅವರದಲ್ಲ, ಮನೆಯ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಕೋಲಾರ ಜಿಲ್ಲೆಯವರು, ಮೂವತ್ತು ದಾಟಿದ ವಯಸ್ಸು, ಗಂಡ ಟೊಮೆಟೊ ಮಂಡಿಯಲ್ಲಿ ವ್ಯಾಪಾರ ಮಾಡುತ್ತಾರೆ. ಕೆಳದವಡೆಯ ಬುದ್ಧಿಹಲ್ಲು ಮೂಳೆಯೊಳಗೇ ಅಡ್ಡಡ್ಡ ಬೆಳೆದು ಪಕ್ಕದ ಹಲ್ಲನ್ನು ಒತ್ತುತ್ತಿತ್ತು. ಆಗಾಗ ಕೆನ್ನೆ ಊದಿಕೊಂಡು ಬಾಯಿ ತೆರೆಯೋಕೇ ಆಗುತ್ತಿರಲಿಲ್ಲ. ಮಂಪರು ಕೊಟ್ಟು ತೆಗೆಯೋಣ ಅಂತ ಡಾಕ್ಟರು ಹೇಳಿದ್ದರು. ಎರಡು ಸಲ ದಿನ ಗೊತ್ತು ಮಾಡಿಕೊಂಡು ಎರಡು ಸಲವೂ ಹೋಗಿರಲಿಲ್ಲ.

ಸುಮಾರು ಹೊತ್ತು ಅದೂ ಇದೂ ಮಾತಾಡಿದ ಮೇಲೆ ಕೇಳಿದರು. "ಮಂಪರು ಕೊಟ್ಟಾಗ ಮನಸ್ಸಲ್ಲಿರೋದೆಲ್ಲಾ ಬಾಯಿಬಿಟ್ಟುಬಿಡ್ತಾರಂತಲ್ಲ ಮೇಡಂ, ಟಿವಿಯಲ್ಲಿ ತೋರಿಸ್ತಿದ್ರಲ್ಲ?"

ಅವರು ಹೇಳುತ್ತಿದ್ದುದು ಪೊಲೀಸರ ಮಂಪರು ಪರೀಕ್ಷೆ. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ನಡೆದ ಆ ಪರೀಕ್ಷೆಗಳ ವಿಡಿಯೋಗಳನ್ನು ಚಾನೆಲ್‌ಗಳು ಹಗಲೂ ರಾತ್ರಿ ಹಾಕಿದವು, ಅದು ನಮ್ಮ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನು ಮಾಡುತ್ತಿದ್ದುದು ಬೇರೆ ಔಷಧಿಯಿಂದ, ಪ್ರಶ್ನೆ ಕೇಳಬೇಕು ಅನ್ನುವ ಉದ್ದೇಶದಿಂದಲೇ. ಅಷ್ಟು ಮಾಡಿದರೂ ಬಂದ ಮಾತು ನಿಜ ಅನ್ನುವ ಗ್ಯಾರಂಟಿ ಇರಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಕೇಸಿನಲ್ಲಿ, ಒಪ್ಪಿಗೆ ಇಲ್ಲದೆ ಯಾರಿಗೂ ಇದನ್ನು ಮಾಡುವಂತಿಲ್ಲ ಅಂತ ಹೇಳಿಬಿಟ್ಟಿತು. ಹಲ್ಲಿನ ಆಪರೇಷನ್‌ಗೆ ಸಾಮಾನ್ಯವಾಗಿ ರಕ್ತನಾಳಕ್ಕೆ ಕೊಡುವುದು ಮಿಡಜೋಲಮ್ ಅನ್ನುವ ಔಷಧಿ. ಭಯ ಇಳಿಯುತ್ತೆ, ತೂಕಡಿಕೆ ಬರುತ್ತೆ, ಕರೆದರೆ ಓಗೊಡುವಷ್ಟು ಎಚ್ಚರ ಇರುತ್ತೆ, ಆಮೇಲೆ ನಡೆದದ್ದು ಅಷ್ಟಾಗಿ ನೆನಪಿರಲ್ಲ. ಕೆಲವರು ಒಂದೆರಡು ಸಂಬಂಧವಿಲ್ಲದ ಮಾತಾಡ್ತಾರೆ, ಕೆಲವರು ಸುಮ್ನೆ ಅಳ್ತಾರೆ. ಏನೂ ಮಾತೇ ಬರಲ್ಲ ಅಂತ ನಾನು ಭರವಸೆ ಕೊಡಲಿಲ್ಲ, ಅದು ಸುಳ್ಳಾಗುತ್ತೆ. ಆದರೆ ಬಾಯಿ ಅಗಲಿಸಿ ಇಟ್ಟಿರುತ್ತಾರೆ, ಅರ್ಧ ನಾಲಿಗೆ, ಅರ್ಧ ತುಟಿ ಮರಗಟ್ಟಿರುತ್ತೆ, ಒಳಗೆ ಮನೆಯವರು ಯಾರೂ ಇರಲ್ಲ, ಅಲ್ಲಿರುವ ಡಾಕ್ಟರು ನರ್ಸುಗಳಿಗೆ ನಿಮ್ಮ ಮನೆ ವಿಷಯದಿಂದ ಆಗಬೇಕಾದ್ದು ಏನೂ ಇಲ್ಲ ಅಂದೆ. ನಕ್ಕರು.

ಆಮೇಲೆ ಇದ್ದದ್ದು ಹೊರಗೆ ಬಂತು. ತವರಿನ ಅಣ್ಣನ ಸಾಲಕ್ಕೆ ಅಂತ ತಮ್ಮ ಎರಡೆಳೆ ಸರ ಅಡವಿಟ್ಟು, ಅದೇ ಮಾದರಿಯ ರೋಲ್ಡ್‌ಗೋಲ್ಡ್ ಸರ ಹಾಕಿಕೊಂಡು ಓಡಾಡುತ್ತಿದ್ದಾರೆ, ಗಂಡನಿಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಒಡವೆ ಬಿಚ್ಚಿ ಮನೆಯವರ ಕೈಗೆ ಕೊಡಿ ಅಂದಿದ್ದರು. "ಅತ್ತೆ ಕೈಗೆ ಹೋದ್ರೆ ತೂಕದಲ್ಲೇ ಕಂಡುಹಿಡಿದುಬಿಡ್ತಾರೆ ಮೇಡಂ." ದಿನ ಮುಂದೂಡಿದ್ದು ಇದಕ್ಕೆ. ಅದರ ಜೊತೆಗೇ, ತೀರಾ ಸಣ್ಣ ವಿಷಯ ಅನ್ನೋ ಹಾಗೆ, ಇನ್ನೊಂದು ಹೇಳಿದರು. ಸಾಲದ ಯೋಚನೆಯಲ್ಲಿ ನಿದ್ದೆ ಬರದೆ, ವರ್ಷದ ಮೇಲಾಯ್ತು, ದಿನಾ ರಾತ್ರಿ ಆಲ್ಪ್ರಜೋಲಮ್ ಮಾತ್ರೆ ತಗೊಳ್ಳುತ್ತಿದ್ದಾರೆ. ಒಂದಿದ್ದದ್ದು ಎರಡಾಗಿದೆ. ಪರಿಚಯದ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡ್ತಾರೆ. ಇದು ಎಚ್‌1 ಪಟ್ಟಿಯ ಔಷಧಿ, ಡಾಕ್ಟರ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಬೇಕಾದದ್ದು. ಹಲ್ಲಿನ ಡಾಕ್ಟರು "ಬೇರೆ ಮಾತ್ರೆ ಏನಾದ್ರೂ ತಗೊಳ್ತೀರಾ" ಅಂದಾಗ ಪಕ್ಕದಲ್ಲಿ ಗಂಡ ಕೂತಿದ್ದರು. ಇಲ್ಲ ಅಂದಿದ್ದಾರೆ.

ನನಗೆ ದಿಗಿಲಾದದ್ದು ಸರದ ವಿಷಯಕ್ಕಲ್ಲ, ಈ "ಇಲ್ಲ"ಕ್ಕೆ. ಅದಕ್ಕಿಂತ ಜಾಸ್ತಿ ದಿಗಿಲಾದದ್ದು ಅವರ ಮುಂದಿನ ಯೋಜನೆಗೆ. ಆಪರೇಷನ್‌ಗೆ ಎರಡು ದಿನ ಮುಂಚೆ ಮಾತ್ರೆ ಪೂರ್ತಿ ನಿಲ್ಲಿಸಿಬಿಟ್ಟರೆ ಯಾರಿಗೂ ಹೇಳೋ ಅವಶ್ಯಕತೆ ಇಲ್ಲ ಅಲ್ವಾ ಅಂತ!

ನಾನು ಹೇಳಿದ್ದು ಇಷ್ಟು. ನೋಡಮ್ಮ, ನಿಮ್ಮ ಹತ್ತಿರ ಎರಡು ಗುಟ್ಟಿವೆ. ಸರದ್ದು ನಿಮ್ಮ ಮನೆಯದು, ಅದು ಡಾಕ್ಟರಿಗೆ ಬೇಕಾಗಿಲ್ಲ. ಮಾತ್ರೆಯದು ಡಾಕ್ಟರಿಗೆ ಬೇಕೇ ಬೇಕು. ಆಲ್ಪ್ರಜೋಲಮ್, ಮಿಡಜೋಲಮ್ ಎರಡೂ ಒಂದೇ ಜಾತಿಯ ಔಷಧಿ. ದಿನಾ ತಗೊಳ್ಳೋರಿಗೆ ಮಾಮೂಲಿ ಡೋಸು ಸಾಲದೆ ಹೋಗಬಹುದು, ಇಲ್ಲಾ ರಾತ್ರಿಯ ಮಾತ್ರೆಯ ಮೇಲೆ ಇದೂ ಸೇರಿ ಉಸಿರಾಟ ನಿಧಾನ ಆಗಬಹುದು. ಗೊತ್ತಿದ್ದರೆ ಅರಿವಳಿಕೆ ಡಾಕ್ಟರು ಅದಕ್ಕೆ ತಕ್ಕ ಹಾಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ನೋಡ್ತಾರೆ. ಇನ್ನು ತಿಂಗಳುಗಟ್ಟಲೆ ತಗೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತೆ, ಭಯ ದುಪ್ಪಟ್ಟಾಗುತ್ತೆ, ಫಿಟ್ಸ್ ಕೂಡ ಬರಬಹುದು. ನೀವೇ ನಿಲ್ಲಿಸಬೇಡಿ, ಹಿಂದಿನ ರಾತ್ರಿ ತಗೊಳ್ಳಬೇಕೋ ಬೇಡವೋ ಅಂತ ಅವರನ್ನೇ ಕೇಳಿ.

ಗಂಡನ ಎದುರು ಹೇಗೆ ಹೇಳೋದು? "ಡಾಕ್ಟ್ರೇ, ಒಂದೈದು ನಿಮಿಷ ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು" ಅಂದರೆ ಸಾಕು. ಹೆಂಗಸರು ಹೀಗೆ ಕೇಳೋದು ಯಾವ ಆಸ್ಪತ್ರೆಗೂ ಹೊಸದಲ್ಲ. ಬಾಯಲ್ಲಿ ಹೇಳೋಕೆ ಆಗದಿದ್ದರೆ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೇ ಕೊಟ್ಟುಬಿಡಿ ಅಂದೆ. ನಾವಿಬ್ಬರೂ ಆ ಒಂದು ವಾಕ್ಯವನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿದೆವು.

ಸರಕ್ಕೆ ಉಪಾಯ ಸುಲಭ, ಅವತ್ತು ಒಡವೆ ಹಾಕಿಕೊಂಡೇ ಹೋಗಬೇಡಿ, ಬೀರುವಿನಲ್ಲಿಟ್ಟು ಹೋಗಿ. ಹೇಗೂ ಮೂಗುಬಟ್ಟು, ಉಗುರಿನ ಬಣ್ಣ ಎಲ್ಲಾ ತೆಗೆಯಲೇಬೇಕು, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕುತ್ತಾರೆ. ಸುಳ್ಳಿಗೆ ಸಹಾಯ ಮಾಡಿದ ಹಾಗಾಗಲ್ವಾ ಅಂತ ಯಾರಾದರೂ ಕೇಳಬಹುದು. ಗಂಡನಿಗೆ ಹೇಳುವ ದಿನವನ್ನು ಅವರೇ ಆರಿಸಿಕೊಳ್ಳಲಿ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅದು ಆಗಬಾರದು ಅನ್ನೋದು ನನ್ನ ಲೆಕ್ಕ.

ಜೊತೆಗೆ ಬರುವವರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡಿದೆವು. ಗಂಡನಿಗೆ ಬೆಳಿಗ್ಗೆ ಮಂಡಿಯಲ್ಲಿ ಹರಾಜು, ಬಿಟ್ಟುಬಂದು ಮತ್ತೆ ಬರ್ತೀನಿ ಅಂದಿದ್ದರಂತೆ. ಅದು ಆಗಲ್ಲ. ಒಬ್ಬರು ದೊಡ್ಡವರು ಶುರುವಿನಿಂದ ಕೊನೆತನಕ ಅಲ್ಲೇ ಇರಬೇಕು, ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು, ಯಾಕೆಂದರೆ ಸುಮ ಅವರಿಗೆ ಅದು ತಲೆಯಲ್ಲಿ ನಿಲ್ಲಲ್ಲ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗೋದಂತೂ ಬೇಡವೇ ಬೇಡ, ತೂಕಡಿಸಿ ಬಿದ್ದರೆ ಯಾರು ಹೊಣೆ. ಆಟೋನೋ ಕಾರೋ ಆಗಬೇಕು. ಅತ್ತೆಗಿಂತ ನಾದಿನಿ ಜೊತೆ ಸಲುಗೆ ಇದೆ ಅಂದರು, ಹಾಗಾದರೆ ಅವರೇ ಬರಲಿ. ಮುಂದಿನ 24 ಗಂಟೆ ಸ್ಕೂಟಿ ಬೇಡ, ಒಬ್ಬರೇ ಒಲೆ ಮುಂದೆ ನಿಲ್ಲೋದು ಬೇಡ, ಯಾವ ಕಾಗದಕ್ಕೂ ಸಹಿ ಬೇಡ. ಅಡವಿನ ಬಡ್ಡಿ ಕಟ್ಟಿ ಹೊಸ ಚೀಟಿಗೆ ಸಹಿ ಹಾಕಬೇಕಾದ ದಿನವೂ ಅದೇ ಆಗಿತ್ತು, ಹಿಂದಿನ ವಾರವೇ ಮುಗಿಸಿಕೊಂಡರು.

ಹೊಟ್ಟೆ ಖಾಲಿ ಇರೋ ವಿಷಯದಲ್ಲಿ ಮನೆಯವರೇ ಅಡ್ಡ ಬರ್ತಾರೆ. "ಒಂದ್ ಲೋಟ ಕಾಫಿಗೆ ಏನಾಗುತ್ತೆ" ಅಂತ ಅತ್ತೆ ಅಂದೇ ಅಂತಾರೆ. ಹಾಲು ಬಿದ್ದ ಕಾಫಿ ಊಟದ ಲೆಕ್ಕ, ಅದಕ್ಕೂ 6 ಗಂಟೆ ಅಂತರ ಬೇಕು. ಕರಿದದ್ದು, ಮಾಂಸ ತಿಂದಿದ್ದರೆ 8 ಗಂಟೆ. ಬರೀ ನೀರನ್ನು 2 ಗಂಟೆ ಮುಂಚೆವರೆಗೂ ಸಾಮಾನ್ಯವಾಗಿ ಬಿಡ್ತಾರೆ, ಆದರೂ ನಿಮ್ಮ ಡಾಕ್ಟರು ಹೇಳಿದ ಹೊತ್ತೇ ಕೊನೆ. ಮಂಪರಿನಲ್ಲಿ ವಾಂತಿ ಬಂದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ, ಇದಕ್ಕೇ ಇಷ್ಟೆಲ್ಲಾ. ಸಕ್ಕರೆ ಕಾಯಿಲೆ, ಬಿಪಿ, ರಕ್ತ ತಿಳಿಯಾಗೋ ಮಾತ್ರೆ ಇರುವವರು ಉಪವಾಸದ ದಿನ ಯಾವುದು ನುಂಗಬೇಕು ಅಂತ ಮೊದಲೇ ಬರೆಸಿಕೊಂಡು ಬರಬೇಕು. ಇನ್ನು ಆಪರೇಷನ್ ಆದ ಮೇಲೆ, ನಮ್ಮ ಕಡೆ ಮುದ್ದೆ ಅಗಿಯದೆ ನುಂಗೋದೇ, ನಿಜ, ಹಾಗಂತ ಬಿಸಿ ಮುದ್ದೆ, ಖಾರದ ಸಾರು ಅವತ್ತೇ ಬೇಡ. ಆರಿದ ರಾಗಿ ಗಂಜಿ ಕುಡಿಯಿರಿ. ಮೊದಲ ದಿನ ಬಾಯಿ ಮುಕ್ಕಳಿಸಬೇಡಿ, ಉಗುಳಲೂ ಬೇಡಿ, ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ನೋವು ಜಾಸ್ತಿ.

ಸುಮ ಅರಿವಳಿಕೆ ಡಾಕ್ಟರ ಹತ್ತಿರ ಒಬ್ಬರೇ ಮಾತಾಡಿದರು. ಅವರು ಬೈಯಲಿಲ್ಲವಂತೆ, ಎಷ್ಟು ಮಿಲಿಗ್ರಾಂ, ಎಷ್ಟು ದಿನದಿಂದ ಅಂತ ಬರೆದುಕೊಂಡು ಒಂದು ವಾರ ದಿನ ಮುಂದೆ ಹಾಕಿ ಮನೋವೈದ್ಯರಿಗೆ ತೋರಿಸಿ ಬನ್ನಿ ಅಂದರಂತೆ. ಆಪರೇಷನ್ ತೊಂದರೆಯಿಲ್ಲದೆ ಆಯಿತು. ಹೊರಗೆ ಬಂದಾಗ ಏನೇನು ಮಾತಾಡಿದೆ ಅಂತ ನಾದಿನಿಯನ್ನು ಕೇಳಿದ್ದಾರೆ. "ಮುಗೀತಾ, ಮುಗೀತಾ ಅಂತ ಅದನ್ನೇ ಕೇಳ್ತಿದ್ರಿ ಅತ್ತಿಗೆ, ಬೇರೇನಿಲ್ಲ."

ಈಗ ಜಿಲ್ಲಾಸ್ಪತ್ರೆಯ ಮನೋವೈದ್ಯರು ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಇಂಥ ಮಾತ್ರೆಯಲ್ಲಿ ಸಿಕ್ಕಿಕೊಂಡು ಯಾರಿಗೆ ಹೇಳೋದು ಅಂತ ಗೊತ್ತಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸರದ ವಿಷಯ ಇನ್ನೂ ಮನೆಯಲ್ಲಿ ಹೇಳಿಲ್ಲ. ಟೊಮೆಟೊ ರೇಟು ನೋಡಿಕೊಂಡು ಹೇಳ್ತೀನಿ ಅಂದಿದ್ದಾರೆ.