ಬಿಕಿನಿ ದ್ವೀಪಕ್ಕೆ ಮರಳಿದ ಜನ ಅಲ್ಲಿನ ತೆಂಗಿನಕಾಯಿ ಯಾಕೆ ತಿನ್ನುವಂತಿರಲಿಲ್ಲ?

ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಈ ಊರಿನಿಂದ ಅಮೆರಿಕ 1946ರಲ್ಲಿ ಜನರನ್ನು ಎಬ್ಬಿಸಿ, ಅಣುಬಾಂಬ್ ಪರೀಕ್ಷೆ ನಡೆಸಿತು. 1970ರ ದಶಕದಲ್ಲಿ ಕೆಲವು ಕುಟುಂಬಗಳು ಮರಳಿದವು. 1978ರಲ್ಲಿ ಮತ್ತೆ ಹೊರಡಬೇಕಾಯಿತು.

ಕಾರಣ ಊಟದಲ್ಲೇ ಇತ್ತು. ತೆಂಗು, ಜೀಗುಜ್ಜೆ, ನಮ್ಮ ಕೇದಗೆಯ ಜಾತಿಯ ಪ್ಯಾಂಡನಸ್ ಅವರ ಹಳೆಯ ಆಹಾರ. ಪ್ಯಾಂಡನಸ್ ಹಣ್ಣಿನ ಒಂದೊಂದೇ ತೊಳೆ ಕಿತ್ತು, ನಾರು ಜಗಿದು ಕಿತ್ತಳೆ ಬಣ್ಣದ ಸಿಹಿರಸ ಹೀರುತ್ತಾರೆ. ಜೀಗುಜ್ಜೆಯನ್ನು ಹುಳಿಬರಿಸಿ ತಿಂಗಳುಗಟ್ಟಲೆ ಇಡುತ್ತಾರೆ.

ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ. ಹಾಗಾಗಿ ಗಿಡಗಳು ಅದರಂತೆಯೇ ಇರುವ, ಬಾಂಬ್ ಪರೀಕ್ಷೆಯಿಂದ ಮಣ್ಣಿಗೆ ಸೇರಿದ ವಿಕಿರಣಶೀಲ ಸೀಸಿಯಂ-137 ಅನ್ನು ಜಾಸ್ತಿ ಹೀರಿಕೊಂಡವು. ಎಳನೀರಿನಲ್ಲೂ ವಿಕಿರಣ ಸೇರಿತು! ಪೊಟ್ಯಾಸಿಯಂ ಗೊಬ್ಬರ ಹಾಕಿದರೆ ಕಾಯಿಯಲ್ಲಿ ಸೀಸಿಯಂ ತುಂಬಾ ಇಳಿಯುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಆದರೆ ಮನೆಮುಂದಿನ ಮರದ ಕಾಯಿಯನ್ನೇ ಮುಟ್ಟಬೇಡಿ ಅಂದರೆ, ಅದು ಊರಿಗೆ ಮರಳಿದ ಹಾಗೆ ಆಗುತ್ತಾ? ನನಗಂತೂ ಇದು ದೊಡ್ಡ ಅನ್ಯಾಯ ಅನಿಸುತ್ತದೆ.